ಬೇಸಿಗೆಯ ಬಿಟ್ಟಿ ದುಡಿಮೆ

ಬ್ಯಾಂಕುಗಳು ಈಗ ಕಾಲೇಜಿನ ಮಕ್ಕಳಿಗೆ ಏನನ್ನು ಕಲಿಸುತ್ತಿವೆ ಎಂಬುದನ್ನು ತೊಕ್ಕೊಟ್ಟಿನ ಅಂಗಡಿಯವರೂ ಉಳ್ಳಾಲದ ಬೀಡಿ ಕಾರ್ಮಿಕರೂ ಒಮ್ಮೆ ವಿಚಾರಿಸಿ ನೋಡಬೇಕಾಗಿದೆ. ಏಕೆಂದರೆ ಈ ಪಾಠಕ್ಕೆ ಶುಲ್ಕ ತೆರುತ್ತಿರುವವರು ಅವರೇ.

ಬಿ.ಕಾಂ. ಓದುತ್ತಿರುವ ಇಲ್ಲಿಯ ಹುಡುಗಿಯೊಬ್ಬಳು ಬೇಸಿಗೆಯ ರಜೆಯಲ್ಲಿ ಎಂಟು ವಾರ ಒಂದು ಬ್ಯಾಂಕಿನಲ್ಲಿ ‘ಇಂಟರ್ನ್‌ಶಿಪ್’ ಮಾಡಿದಳು. ತಾಯಿ ಬೀಡಿ ಕಟ್ಟುವವಳು. ಲೆಕ್ಕಪತ್ರ ಇಡುವುದು, ಸಾಲದ ಅರ್ಜಿ ಪರಿಶೀಲಿಸುವುದು, ಕೌಂಟರಿನ ವ್ಯವಹಾರ, ಇವೆಲ್ಲ ತಿಳಿದೀತೆಂದು ಹೋದಳು. ಮೊದಲ ದಿನ ಅರ್ಧ ಗಂಟೆಯ ಭಾಷಣ. ಎರಡನೆಯ ದಿನದಿಂದ ಟಾರ್ಗೆಟ್! ವಾರಕ್ಕೆ ಇಷ್ಟು ಖಾತೆ, ಇಷ್ಟು ಕ್ರೆಡಿಟ್ ಕಾರ್ಡು, ಇಷ್ಟು ವಿಮಾ ಪಾಲಿಸಿ. ಬಸ್ಸಿನ ಖರ್ಚು ಅವಳದು, ಫೋನಿನ ಖರ್ಚು ಅವಳದು. ಸಂಬಳವೂ ಇಲ್ಲ, ಕಮಿಷನ್ನೂ ಇಲ್ಲ. ಕೊನೆಗೆ ಒಂದು ಪ್ರಮಾಣಪತ್ರ, ಅದೂ ಟಾರ್ಗೆಟ್ ಮುಟ್ಟಿದರೆ ಮಾತ್ರ.

ಯಾರಿಗೆ ಮಾರಬೇಕು? “ಮೊದಲು ನಿಮ್ಮ ಮನೆಯವರನ್ನು, ನೆರೆಹೊರೆಯವರನ್ನು ಹಿಡಿಯಿರಿ” ಎಂಬುದೇ ಅಲ್ಲಿ ಕಲಿಸಿದ ಮೊದಲ ವಿದ್ಯೆ. ನೆರೆಮನೆಯಲ್ಲಿ ಮೀನು ಮಾರಿ ಬದುಕುವ ವಿಧವೆಯೊಬ್ಬಳು ಮಗಳ ಮದುವೆಗೆಂದು ಒಂದು ಲಕ್ಷ ರೂಪಾಯಿ ಕೂಡಿಟ್ಟಿದ್ದಳು. ಅದನ್ನು ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟುವ ಪಾಲಿಸಿಗೆ ಹಾಕಿಸಬೇಕೆಂದು ಮೇಲಿನವರ ಒತ್ತಾಯ. “ಅಕ್ಕಾ, ಇದೂ ಎಫ್‌.ಡಿ.ಯ ಹಾಗೆಯೇ ಎಂದು ಹೇಳಿಬಿಡು” ಎಂದರಂತೆ. “ಎರಡನೆಯ ವರ್ಷಕ್ಕೆ ಆ ಅಕ್ಕ ಲಕ್ಷ ರೂಪಾಯಿ ಎಲ್ಲಿಂದ ತರಬೇಕು ಸಾರ್?” ಎಂದು ಹುಡುಗಿ ಕೇಳಿದಳು. “ಅದು ನಿನಗೆ ಸಂಬಂಧಪಟ್ಟದ್ದಲ್ಲ” ಎಂಬ ಉತ್ತರ ಬಂತು. ಅವಳು ಆ ಪಾಲಿಸಿ ಮಾರಲಿಲ್ಲ. ಪ್ರಮಾಣಪತ್ರವೂ ಬರಲಿಲ್ಲ.

ಇಲ್ಲಿ ನಡೆದದ್ದೇನೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಬ್ಯಾಂಕಿಗೆ ಬೇಕಾದದ್ದು ಆ ಹುಡುಗಿಯ ಬುದ್ಧಿಯಲ್ಲ, ಅವಳ ಓಣಿಯ ಜನ ಅವಳ ಮೇಲೆ ಇಟ್ಟ ನಂಬಿಕೆ. ಠೇವಣಿ ಬೇರೆ, ವಿಮೆ ಬೇರೆ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿಯ ತನಕ ಠೇವಣಿ ವಿಮಾ ನಿಗಮದ ರಕ್ಷಣೆ ಇದೆ. ಬ್ಯಾಂಕು ಮಾರುವ ಪಾಲಿಸಿಗೆ ಆ ರಕ್ಷಣೆ ಅನ್ವಯಿಸುವುದಿಲ್ಲ. ಕಂತು ನಡುವೆ ನಿಂತರೆ ಕಟ್ಟಿದ್ದೆಲ್ಲ ಕೈಗೆ ಮರಳುವುದಿಲ್ಲ. ಆದರೆ ಕಮಿಷನ್ ಮಾತ್ರ ಬ್ಯಾಂಕಿನ ಪೆಟ್ಟಿಗೆಗೆ ಮೊದಲ ವರ್ಷವೇ ಬಂದು ಬಿದ್ದಿರುತ್ತದೆ. ಇದು ನಾವು ಮಾತ್ರ ಹೇಳುವ ಮಾತಲ್ಲ. ವಿಮೆಯನ್ನು ತಪ್ಪು ಹೇಳಿ ಮಾರುವುದನ್ನು ನಿಲ್ಲಿಸಿ, ಬ್ಯಾಂಕುಗಳು ತಮ್ಮ ಮೂಲ ಕಸುಬಿನತ್ತ ಗಮನ ಕೊಡಲೆಂದು ಕೇಂದ್ರದ ಅರ್ಥಮಂತ್ರಿಗಳೇ 2024ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಬ್ಯಾಂಕಿನವರ ಮುಂದೆ ಹೇಳಬೇಕಾಯಿತು.

ಇದು ಯಾವ ಜಿಲ್ಲೆಯಲ್ಲಿ ನಡೆಯುತ್ತಿದೆ! 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲನಿಧಿಯನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲನಿಧಿಯನ್ನೂ ಕಟ್ಟಿದ ನೆಲ ಇದು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಯಿತು. ಅವರೂ ಲಾಭಕ್ಕಾಗಿಯೇ ಬ್ಯಾಂಕು ನಡೆಸಿದವರು, ಸರಿ. ಆದರೆ ಎರಡಾಣೆ ಎರಡಾಣೆಯಾಗಿಯೇ ಪುಸ್ತಕದಲ್ಲಿ ಬರೆಯಲ್ಪಟ್ಟು, ಬಡವನಿಗೆ ಬಡ್ಡಿಯೊಂದಿಗೆ ಮರಳುತ್ತಿತ್ತು. 1969ರಲ್ಲಿ ಮತ್ತು 1980ರಲ್ಲಿ ಇವುಗಳಲ್ಲಿ ನಾಲ್ಕು ರಾಷ್ಟ್ರದ ಸ್ವತ್ತಾದವು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಮೂರು ಹೆಸರುಗಳೂ ಫಲಕದಿಂದ ಇಳಿದವು.

ಪಿಗ್ಮಿ ಸಂಗ್ರಹಿಸುವವನ ಕಥೆಯೂ ಇಲ್ಲಿ ನೆನಪಿಡತಕ್ಕದ್ದು. ಅವನು ‘ನೌಕರನಲ್ಲ, ಕೇವಲ ಏಜೆಂಟ’ ಎಂದು ಬ್ಯಾಂಕುಗಳು ದಶಕಗಳ ಕಾಲ ವಾದಿಸಿದವು. ಅವನು ಕಾರ್ಮಿಕನೇ, ಅವನ ಕಮಿಷನ್ನೂ ಕೂಲಿಯೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಪಿಗ್ಮಿ ಹುಟ್ಟಿ 73 ವರ್ಷಗಳ ಮೇಲೆ! ಈಗ ಅದೇ ಆಟ ಹೊಸ ಹೆಸರಿನಲ್ಲಿ ನಡೆದಿದೆ. 1961ರ ಅಪ್ರೆಂಟಿಸ್ ಕಾಯಿದೆಯ ಕರಾರಿಗೆ ಸಹಿ ಮಾಡಿಸಿಕೊಂಡರೆ ಸ್ಟೈಪೆಂಡ್ ಕೊಡಲೇಬೇಕು. ಆದುದರಿಂದ ಆ ಕರಾರೇ ಬೇಡ; ‘ಇಂಟರ್ನ್’ ಎಂದರಾಯಿತು! ತಾಯಿಗೆ ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಇದೆ. ಎಲೆ ಸರಿಯಿಲ್ಲವೆಂದು ಕಡಿತ ಮಾಡಿದರೂ ಉಳಿದದ್ದು ಕೈಗೆ ಬರುತ್ತದೆ. ಪದವಿ ಓದುವ ಮಗಳಿಗೆ ಅಷ್ಟೂ ಇಲ್ಲ.

‘ಅನುಭವವೇ ಸಂಬಳವಲ್ಲವೆ?’ ಎಂದು ಕೆಲವರು ಕೇಳುತ್ತಾರೆ. ಹಂಚಿನ ಕಾರ್ಖಾನೆಗೆ ಹೊಸದಾಗಿ ಸೇರಿದವನೂ ಕೆಲಸ ಕಲಿಯುತ್ತಾನೆ. ಆದರೆ ಅವನು ಹೊತ್ತ ಹಂಚನ್ನು ಮಾಲಿಕ ಮಾರುವುದಾದರೆ ಅವನಿಗೆ ಕೂಲಿ ಸಲ್ಲಬೇಕು. ಕಲಿಕೆಯಿಂದ ಲಾಭ ಹುಟ್ಟಿತೆಂದರೆ ಅದು ದುಡಿಮೆಯೇ. ಇನ್ನು ಶಾಖೆಯ ಅಧಿಕಾರಿಯನ್ನು ಬೈದು ಸುಮ್ಮನಾಗುವುದರಿಂದಲೂ ಪ್ರಯೋಜನವಿಲ್ಲ. ಅವನ ತಲೆಯ ಮೇಲೂ ಟಾರ್ಗೆಟ್ಟಿನ ಕತ್ತಿ ತೂಗುತ್ತಿದೆ. ಅವನು ಅದನ್ನು ಕೆಳಗೆ ದಾಟಿಸುತ್ತಾನೆ. ಎಲ್ಲರಿಗಿಂತ ಕೆಳಗಿರುವವಳು ರಜೆಯಲ್ಲಿ ಬಂದ ಹುಡುಗಿ, ಅವಳಿಗಿಂತಲೂ ಕೆಳಗೆ ಮೀನಿನ ಬುಟ್ಟಿಯ ಹೆಂಗಸು.

ಆದುದರಿಂದ ನಮ್ಮ ಬೇಡಿಕೆಗಳು ನೇರವಾಗಿವೆ. ವಿದ್ಯಾರ್ಥಿಯಿಂದ ದುಡಿಸಿಕೊಳ್ಳುವ ಬ್ಯಾಂಕು ಲಿಖಿತ ಕರಾರು ಮಾಡಿ ಸ್ಟೈಪೆಂಡ್ ಕೊಡಲಿ. ಮಾರಾಟದ ಟಾರ್ಗೆಟ್ಟನ್ನು ಪ್ರಮಾಣಪತ್ರಕ್ಕೆ ಗಂಟುಹಾಕುವುದು ನಿಲ್ಲಲಿ. ವಿಮೆಯ ಅರ್ಜಿಯ ಮೇಲೆ ಜವಾಬ್ದಾರನಾದ ಅಧಿಕಾರಿಯ ಹೆಸರಿರಲಿ, ಹುಡುಗರ ಹೆಸರಲ್ಲ. ಕಾಲೇಜುಗಳು ಮಕ್ಕಳನ್ನು ಕಳುಹಿಸುವ ಮೊದಲು ಕೆಲಸವೇನೆಂದು ಕೇಳಿ ಬರೆಸಿಕೊಳ್ಳಲಿ.

ಓದುಗ ಬಂಧುಗಳು ಮಾಡಬೇಕಾದದ್ದೂ ಇದೆ. ಅಂಗಡಿಗೆ ಬರುವ ಮಕ್ಕಳನ್ನು ಗದರಿಸಬೇಡಿ, ಅವರು ನಿಮ್ಮ ಮಕ್ಕಳೇ. ಕಾಗದದಲ್ಲಿ ‘ಪ್ರೀಮಿಯಂ’ ಎಂಬ ಮಾತಿದ್ದರೆ ಅದು ಠೇವಣಿಯಲ್ಲ. ಎಷ್ಟು ವರ್ಷ ಕಟ್ಟಬೇಕೆಂದು ಕೇಳದೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ಪಾಲಿಸಿಯ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ, ಸಣ್ಣಪುಟ್ಟ ಖರ್ಚು ಕಳೆದು ಹಣ ಮರಳಿ ಪಡೆಯುವ ಹಕ್ಕು ನಿಮಗಿದೆ. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಒಬ್ಬಂಟಿಯಾಗಿ ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕಾದರೆ ಹತ್ತು ಜನ ಕೂಡಿ ಹತ್ತಿರಿ.

ಆ ಹುಡುಗಿ ಪ್ರಮಾಣಪತ್ರ ಕಳೆದುಕೊಂಡು ನೆರೆಮನೆಯವಳ ಲಕ್ಷ ರೂಪಾಯಿ ಉಳಿಸಿದಳು. ಇಂಥ ಆಯ್ಕೆಯನ್ನು ಒಬ್ಬ ವಿದ್ಯಾರ್ಥಿನಿಯ ತಲೆಗೆ ಕಟ್ಟುವ ವ್ಯವಸ್ಥೆಯನ್ನು ಮುಂದಿನ ಬೇಸಿಗೆಯೊಳಗೆ ನಿಲ್ಲಿಸುವ ಹೊಣೆ ನಮ್ಮೆಲ್ಲರದು.