ನಾಯಿಯ ತಟ್ಟೆಗೆ ಕಾವಲಿಲ್ಲ

ಕಳೆದ ವಾರ ಪಶುವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಯೊಂದನ್ನು ಕಂಡೆ. ಬಾಲ ಬಡಿಯುತ್ತಲೇ ಇತ್ತು, ಮೈ ತುಂಬಿಕೊಂಡಿತ್ತು. ಆದರೆ ಮುಂಗಾಲುಗಳೆರಡೂ ಹೊರಕ್ಕೆ ಬಾಗಿದ್ದವು. ಬೆರಳ ಮೇಲೆ ನಿಲ್ಲಬೇಕಾದ ಪಾದ ಮಣಿಕಟ್ಟಿನವರೆಗೂ ನೆಲಕ್ಕೆ ಒರಗಿತ್ತು. ಎತ್ತಿ ಮೇಜಿನ ಮೇಲಿಟ್ಟಾಗ ನೋವಿನಿಂದ ಕುಂಯ್‌ಗುಟ್ಟಿತು. ವೈದ್ಯರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಬೆಳ್ಳಗೆ ಕಾಣಬೇಕಿದ್ದ ಮೂಳೆ ಸುತ್ತಲಿನ ಮಾಂಸದಷ್ಟೇ ಮಸುಕಾಗಿತ್ತು.

"ದಿನಕ್ಕೆ ಮೂರು ಹೊತ್ತು ಅನ್ನ, ಬೋನ್‌ಲೆಸ್ ಚಿಕನ್ ಬೇಯಿಸಿ ಹಾಕ್ತೀವಿ ಡಾಕ್ಟ್ರೇ. ಅಂಗಡೀದು ಒಂದು ಕಾಳೂ ಮುಟ್ಸಿಲ್ಲ," ಎಂದು ಆ ಮನೆಯಾಕೆ ಹೇಳುವಾಗ ಗಂಟಲು ಕಟ್ಟಿತ್ತು. ಅವರು ಮರಿಯನ್ನು ಕಡೆಗಣಿಸಿದವರಲ್ಲ, ತಮಗಿಂತ ಮೊದಲು ಅದಕ್ಕೆ ಬಡಿಸಿದವರು. ಕಾಲು ಬಾಗಿದ್ದು ಆ ಊಟದಿಂದಲೇ.

100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ, ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. ನಾಯಿಗೆ ಇವೆರಡೂ ಹೆಚ್ಚುಕಡಿಮೆ ಸಮಸಮ ಬೇಕು, ಕ್ಯಾಲ್ಸಿಯಂ ಒಂದು ಕೈ ಮೇಲಿರಬೇಕು. ಊಟದಲ್ಲಿ ಸಿಗದಿದ್ದಾಗ ಮೈ ಸುಮ್ಮನಿರುವುದಿಲ್ಲ, ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಕಾಡಿನ ತೋಳ ಮಾಂಸದ ಜೊತೆ ಎಲುಬನ್ನೂ ಅಗಿಯುತ್ತಿತ್ತು. ನಾವು ಪ್ರೀತಿಯಿಂದ ಎಲುಬು ಬಿಡಿಸಿ ಹಾಕುತ್ತೇವೆ.

ರಾಗಿ ಇದೆಯಲ್ಲ ಎನ್ನಬಹುದು. ನನಗೂ ಮೊದಲು ಹೊಳೆದದ್ದು ಅದೇ. ನಮ್ಮ ಧಾನ್ಯಗಳಲ್ಲೆಲ್ಲ ಕ್ಯಾಲ್ಸಿಯಂಗೆ ಹೆಸರಾದದ್ದು ರಾಗಿ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೆ ಲೆಕ್ಕ ಹಾಕಿ ನೋಡಿ: 1000 ಕ್ಯಾಲರಿಯಷ್ಟು ರಾಗಿ ತಿಂದರೂ ಸಿಗುವುದು ಸುಮಾರು 1 ಗ್ರಾಂ. ಬೆಳೆಯುವ ಮರಿಯ ಆಹಾರದಲ್ಲಿ ಅಷ್ಟೇ ಕ್ಯಾಲರಿಗೆ ಕನಿಷ್ಠ 3 ಗ್ರಾಂ ಇರಬೇಕು ಎನ್ನುತ್ತದೆ ಅಮೆರಿಕದ ಪಶು ಆಹಾರ ನಿಯಂತ್ರಕರ ಸಂಘದ ಮಾನದಂಡ. ಮುದ್ದೆ ಒಂದರಿಂದಲೇ ಮರಿಯ ಮೂಳೆ ಗಟ್ಟಿಯಾಗದು. ಬೆಳಗಿನ ಬಿಸಿಲಿಗೆ ಬಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ನಮ್ಮ ಚರ್ಮ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡಿಕೊಂಡಂತೆ ನಾಯಿಯ ಚರ್ಮ ಸಾಕಷ್ಟು ಮಾಡಿಕೊಳ್ಳಲಾರದು. ಅದಕ್ಕೆ ಅದು ತಟ್ಟೆಯಿಂದಲೇ ಬರಬೇಕು. ಹಾಗೆಂದು ಕ್ಯಾಲ್ಸಿಯಂ ಸಿರಪ್ಪನ್ನು ಅಂದಾಜಿನ ಮೇಲೆ ಸುರಿಯಲೂ ಬಾರದು. ದೊಡ್ಡ ತಳಿಯ ಎಳೆಯ ಮರಿಗೆ ಹೆಚ್ಚಾದದ್ದನ್ನು ತಡೆದುಕೊಳ್ಳುವ ಶಕ್ತಿಯಿಲ್ಲ, ಆಗ ಮೂಳೆ ಇನ್ನೊಂದು ಬಗೆಯಲ್ಲಿ ಕೆಡುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು 2013ರಲ್ಲಿ ನಾಯಿಗೆ ಮನೆಯಲ್ಲೇ ಮಾಡಿ ಹಾಕುವ 200 ಅಡುಗೆಗಳನ್ನು ತೂಗಿ ನೋಡಿದ್ದರು. ನೂರಕ್ಕೆ 95ರಲ್ಲಿ ಅಗತ್ಯ ಪೋಷಕಾಂಶ ಒಂದಾದರೂ ಕಡಿಮೆ ಬಿತ್ತು. ಇವು ಪುಸ್ತಕಗಳಲ್ಲಿ, ಜಾಲತಾಣಗಳಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟ ಅಡುಗೆಗಳು. ನಮ್ಮ ಮೊಸರನ್ನಕ್ಕೆ, ಹಾಲು ರೊಟ್ಟಿಗೆ ಬರೆದಿಟ್ಟ ಲೆಕ್ಕವೇ ಇಲ್ಲ.

ಹಾಗಾದರೆ ಅಂಗಡಿಯ ಚೀಲ? ಬೆಳೆಯುವ ಮರಿಗಾದರೆ, ಮರಿಗೆಂದೇ ಮಾಡಿದ 'ಸಂಪೂರ್ಣ, ಸಮತೋಲಿತ' ಎಂದು ಅಚ್ಚಾದ, ಸೀಲ್ ಒಡೆಯದ ಚೀಲ ಬಹುತೇಕ ಮನೆಗಳ ಅಂದಾಜು ಅಡುಗೆಗಿಂತ ಮೇಲು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಮನೆ ಊಟವೇ ಬೇಕೆಂದರೆ ಪಶುವೈದ್ಯರಿಂದ ಆ ನಾಯಿಯ ತೂಕ, ವಯಸ್ಸಿಗೆ ಲೆಕ್ಕ ಬರೆಸಿಕೊಂಡು, ಹೇಳಿದ ಪೂರಕಗಳನ್ನು ಬಿಡದೆ ಹಾಕಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಬೇಯಿಸಿದ ಎಲುಬು ಬೇಡವೇ ಬೇಡ. ಬೆಂಗಳೂರಿನಲ್ಲಿ ಈಗ ಡಬ್ಬಿಯಲ್ಲಿ ಮನೆಬಾಗಿಲಿಗೆ ಬರುವ 'ಫ್ರೆಶ್' ನಾಯಿ ಊಟಕ್ಕೂ ಇದೇ ಮಾತು: ಲೆಕ್ಕ ಹಾಕಿದವರು ಯಾರು, ಯಾವ ಮಾನದಂಡಕ್ಕೆ ಎಂದು ಕೇಳಿ.

ಆದರೆ ನಮ್ಮ ಊರುಗಳಲ್ಲಿ ಸೀಲ್ ಒಡೆಯದ ಚೀಲ ಎಷ್ಟು ಮನೆಗೆ ಹೋಗುತ್ತದೆ? 15, 20 ಕಿಲೋ ಚೀಲದ ಬೆಲೆ ಕೇಳಿದವರು ಅರ್ಧ ಕಿಲೋ, ಒಂದು ಕಿಲೋ ಲೂಸ್ ಕೊಳ್ಳುತ್ತಾರೆ. ಅಂಗಡಿಯ ಮೂಲೆಯಲ್ಲಿ ಬಾಯಿ ತೆರೆದ ಚೀಲ, ಅದರೊಳಗೆ ಪ್ಲಾಸ್ಟಿಕ್ ಮಗ್ಗು, ಪಕ್ಕದಲ್ಲಿ ತೂಕದ ಯಂತ್ರ, ಪಾರದರ್ಶಕ ಕವರು. ಆ ಕವರಿನ ಮೇಲೆ ತಯಾರಾದ ದಿನವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಕಂಪನಿಯ ಹೆಸರೂ ಇಲ್ಲ. ಮಳೆಗಾಲದಲ್ಲಿ ಒಂದು ಹಿಡಿ ತೆಗೆದು ಮೂಸಿ ನೋಡಿ. ಗರಿಗರಿ ಹೋಗಿ ಮೆತ್ತಗಾಗಿರುತ್ತದೆ, ಒಮ್ಮೊಮ್ಮೆ ಮುಗ್ಗಲು ವಾಸನೆ ಮೂಗಿಗೆ ಅಡರುತ್ತದೆ.

ಆ ಮುಗ್ಗಲನ್ನು ಹಗುರವಾಗಿ ಕಾಣಬೇಡಿ. ಮೆಕ್ಕೆಜೋಳ, ಶೇಂಗಾಗಳಿಗೆ ತೇವ ತಗಲಿದಾಗ ಹಿಡಿಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಗುಳುತ್ತದೆ. ಅದು ಯಕೃತ್ತನ್ನು ತಿನ್ನುತ್ತದೆ. ಕುಕ್ಕರಿನಲ್ಲಿ ಹತ್ತು ಸೀಟಿ ಹೊಡೆಸಿದರೂ ಹೋಗದು. ಕಾರ್ಖಾನೆಯ ನಾಯಿ ಆಹಾರದಲ್ಲಿ ಮೆಕ್ಕೆಜೋಳ ಸಾಮಾನ್ಯ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಇದೇ ವಿಷ ಸೇರಿದ ಆಹಾರ ತಿಂದು 100ಕ್ಕೂ ಹೆಚ್ಚು ನಾಯಿಗಳು ಸತ್ತಿದ್ದವು. ಮನೆಯವರೂ ತಪ್ಪಿಸಿಕೊಳ್ಳುವಂತಿಲ್ಲ. ಬೂಷ್ಟು ಹಿಡಿದ ರೊಟ್ಟಿ, ಹುಳು ಬಿದ್ದ ಹಿಟ್ಟು, ಮಾರಲಾಗದೆ ಉಳಿದ ಜೋಳದ ನುಚ್ಚು ಹೋಗುವುದು ನಾಯಿಯ ತಟ್ಟೆಗೇ. 'ನಾಯಿಗೆ ತಾನೇ' ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ!

1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಭಾಗದ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಹತ್ತಿ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಸುಮಾರು 400 ಮಂದಿ ಕಾಯಿಲೆ ಬಿದ್ದರು, 100ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ. ಅದೇ ಮೆಕ್ಕೆಜೋಳ ಹಂಚಿಕೊಂಡು ತಿಂದ ನಾಯಿಗಳಿಗೂ ಅದೇ ಕಾಮಾಲೆ, ಅದೇ ಹೊಟ್ಟೆ. ದಾವಣಗೆರೆ, ಹಾವೇರಿಗಳಲ್ಲಿ ಹಿಂಗಾರು ಮಳೆಯ ನಡುವೆ ರಸ್ತೆಯಂಚಿಗೆ ಮೆಕ್ಕೆಜೋಳ ಹರವಿ ಒಣಗಿಸುವುದನ್ನು ಕಂಡಾಗಲೆಲ್ಲ ನನಗೆ ಆ ಹಳ್ಳಿಗಳ ನೆನಪಾಗುತ್ತದೆ.

ಇನ್ನೊಂದು ಪ್ರಸಂಗ 2007ರದು. ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳ ಮೂತ್ರಪಿಂಡಗಳು ಒಂದರ ಹಿಂದೊಂದು ಕೈಕೊಟ್ಟವು. ಅವುಗಳ ಆಹಾರಕ್ಕೆ ಚೀನಾದಿಂದ ತರಿಸಿದ ಗೋಧಿ ಗ್ಲುಟನ್‌ನಲ್ಲಿ ಮೆಲಮೈನ್ ಇತ್ತು. ಪ್ರಯೋಗಾಲಯ ಪ್ರೋಟೀನ್ ಅಳೆಯುವುದು ಸಾರಜನಕವನ್ನು ಎಣಿಸಿ. ಮೆಲಮೈನ್‌ನಲ್ಲಿ ಸಾರಜನಕ ಹೇರಳ. ಬೆರಸಿದರೆ ಕಳಪೆ ಸರಕೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಮರುವರ್ಷ ಅದೇ ಮೆಲಮೈನ್ ಚೀನಾದಲ್ಲಿ ಎಳೆಗೂಸುಗಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ತೀರಿಕೊಂಡವು. ನಾಯಿಗಳು ಒಂದು ವರ್ಷ ಮೊದಲೇ ಹೇಳಿದ್ದವು.

ನಮ್ಮಲ್ಲಿ ನಾಯಿ ಹಾಗೆ ಹೇಳಿದರೆ ಕೇಳಿಸಿಕೊಳ್ಳುವವರು ಯಾರು? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 'ಆಹಾರ' ಎಂಬ ಪದದ ವ್ಯಾಖ್ಯೆಯಿಂದಲೇ ಪಶು ಆಹಾರವನ್ನು ಹೊರಗಿಟ್ಟಿದೆ. ನಿಮ್ಮ ಬಿಸ್ಕತ್ತಿನಲ್ಲಿ ಹುಳು ಬಂದರೆ ದೂರಲು ಅಧಿಕಾರಿಯಿದ್ದಾರೆ. ನಾಯಿಯ ಬಿಸ್ಕತ್ತು ಅವರ ಕಾಯ್ದೆಗೆ ಆಹಾರವೇ ಅಲ್ಲ. ಭಾರತೀಯ ಮಾನಕ ಬ್ಯೂರೊ ನಾಯಿ, ಬೆಕ್ಕುಗಳ ಆಹಾರಕ್ಕೆ ಐಎಸ್ 11968 ಎಂಬ ಮಾನದಂಡ ಬರೆದಿಟ್ಟಿದೆ. ಆದರೆ ಲೂಸ್ ಮಾರುವ ಮಗ್ಗಿನ ಮುಂದೆ ಯಾವ ಮಾನದಂಡ ನಿಂತೀತು?

ಮಳೆ ಜೋರಾಗುವ ಮೊದಲೇ ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಿದೆ, ಪಶುವೈದ್ಯ ಕಾಲೇಜಿದೆ. ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಅನುಮಾನ ಬಂದ ನಾಯಿ ಆಹಾರದ ಮಾದರಿಯನ್ನು ಯಾವ ತಾಲ್ಲೂಕಿನ ಪಶು ಆಸ್ಪತ್ರೆಯಿಂದಲಾದರೂ ಕಳಿಸಬಹುದು, ಫಲಿತಾಂಶ ಒಂದೇ ಕಡೆ ದಾಖಲಾಗಬೇಕು ಎಂಬ ಆದೇಶ ಹೊರಡಲಿ. ಲೂಸ್ ಮಾರಾಟ ನಿಲ್ಲಲಿ. ಸಣ್ಣ ಪ್ಯಾಕೆಟ್ಟು ಬೇಕೆಂದರೆ ಕಂಪನಿಯೇ ಬ್ಯಾಚ್ ಸಂಖ್ಯೆಯೊಡನೆ ಕಟ್ಟಿಕೊಡಲಿ.

ಅಲ್ಲಿಯವರೆಗೆ ಕಾವಲು ನಮ್ಮದೇ. ಚೀಲದ ಆಹಾರವನ್ನು ಡಬ್ಬಕ್ಕೆ ಸುರಿಯಬೇಡಿ, ಚೀಲದ ಸಮೇತ ಡಬ್ಬದೊಳಗಿಡಿ. ಬ್ಯಾಚ್ ಸಂಖ್ಯೆ ಕೈಯಲ್ಲೇ ಉಳಿಯುತ್ತದೆ. ನಿನ್ನೆವರೆಗೆ ಬಟ್ಟಲು ನೆಕ್ಕುತ್ತಿದ್ದ ನಾಯಿ ಹೊಸ ಚೀಲ ಒಡೆದ ದಿನ ಮೂಸಿ ಹಿಂದೆ ಸರಿದರೆ ಕೊಬ್ಬಿದೆ ಎಂದು ಬೈಯಬೇಡಿ, ಚೀಲ ಎತ್ತಿಡಿ. ಕಣ್ಣಿನ ಬಿಳಿಭಾಗ, ವಸಡು ಹಳದಿಯಾಗುವುದು, ಪದೇಪದೇ ವಾಂತಿ, ಲೆಕ್ಕವಿಲ್ಲದಷ್ಟು ನೀರು ಕುಡಿದು ಉಚ್ಚೆ ಹೊಯ್ಯುವುದು, ಮರಿಯಾದರೆ ಮೆಟ್ಟಿಲು ಹತ್ತಲು ಹಿಂಜರಿಯುವುದು, ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಬಿಡದೆ ವೈದ್ಯರ ಬಳಿಗೆ ಹೋಗಿ. ಹೋಗುವಾಗ ತಿನ್ನಿಸಿದ ಆಹಾರದ ಒಂದು ಹಿಡಿಯನ್ನೂ ಕಟ್ಟಿಕೊಂಡು ಹೋಗಿ.

ಕ್ಲಿನಿಕ್ಕಿನಲ್ಲಿ ಕಂಡ ಆ ಮರಿಯ ಊಟ ಅಂದೇ ಬದಲಾಯಿತು. ಆರು ವಾರ ಓಟ, ನೆಗೆತ ಇಲ್ಲದೆ ಕಟ್ಟಿಹಾಕಿ ಸಾಕಬೇಕು, ಮೂಳೆ ತುಂಬಿಕೊಳ್ಳುವ ಭರವಸೆಯಿದೆ, ಬಾಗು ಪೂರ್ತಿ ಹೋಗುವ ಖಾತ್ರಿಯಿಲ್ಲ ಎಂದರು ವೈದ್ಯರು. ಮಾತಾಡುತ್ತಲೇ ಚೀಟಿ ಬರೆದರು. ಅಚ್ಚಾದ ಆ ಚೀಟಿಯಲ್ಲಿ ತಳಿ, ತೂಕ, ಲಸಿಕೆ, ಜಂತುಹುಳು ಮಾತ್ರೆ ಎಲ್ಲಕ್ಕೂ ಒಂದೊಂದು ಗೆರೆ ಇತ್ತು. ನಾಯಿ ಏನು ತಿನ್ನುತ್ತದೆ ಎಂದು ಬರೆಯಲು ಜಾಗವಿರಲಿಲ್ಲ. ವೈದ್ಯರು ಹಾಳೆಯನ್ನು ಅಡ್ಡ ತಿರುಗಿಸಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: ಅನ್ನ, ಚಿಕನ್, ಎಲುಬಿಲ್ಲ.