ನೂಲುವವಳ ನಿರುದ್ಯೋಗ

ಉದ್ಯೋಗಗಳ ರೀತಿಯು ಬದಲಾದಾಗ ಅದರ ಪೆಟ್ಟು ಗಂಡಸರಿಗೂ ಹೆಂಗಸರಿಗೂ ಸಮನಾಗಿಯೇ ತಗಲುವದೆಂದು ಅನೇಕರು ನಂಬಿರುತ್ತಾರೆ. ಈ ನಂಬಿಕೆಯು ನಿರಾಧಾರವಾದದ್ದು. 19ನೆಯ ಶತಮಾನದಲ್ಲಿ ಗಿರಣಿಯ ನೂಲು ನಮ್ಮ ಪೇಟೆಗಳನ್ನು ತುಂಬಿದಾಗ ಆದುದೇನು? ನೇಕಾರರಲ್ಲಿ ಹಲವರು ಆ ಅಗ್ಗದ ನೂಲನ್ನೇ ಮಗ್ಗಕ್ಕೆ ಏರಿಸಿ ಹೇಗೋ ಜೀವ ಹಿಡಿದರು. ಆದರೆ ಮೊದಲು ನೂಲು ತೆಗೆಯುತ್ತಿದ್ದವರು ಮನೆಮನೆಯ ಹೆಂಗಸರು. ಅವರ ರಾಟೆಗಳು ಅಟ್ಟವನ್ನು ಸೇರಿದವು. ನೇಕಾರನ ದೈನ್ಯವು ಊರಿಗೆಲ್ಲ ಕಂಡಿತು. ನೂಲುವವಳ ನಷ್ಟವು ಅಡಿಗೆಯ ಮನೆಯಲ್ಲಿಯೇ ಅಡಗಿತು.

ಮಹಾತ್ಮಾ ಗಾಂಧಿಯವರು ಈ ನಷ್ಟವನ್ನು ಕಂಡರು. ಅವರ ಅಧ್ಯಕ್ಷತೆಯಲ್ಲಿ 1924ರಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ಸು, ತಿಂಗಳಿಗೆ 2000 ಗಜ ನೂಲು ಒಪ್ಪಿಸುವದನ್ನು ಸದಸ್ಯತ್ವದ ನಿಬಂಧನೆಯನ್ನಾಗಿ ಅಂಗೀಕರಿಸಿತು. ಅದೇ ವೇಳೆಗೆ ಅದೇ ಊರಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ನೆರೆಯಿತು. 1956ರಲ್ಲಿ ನಾಡು ಒಂದಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಬೆಳೆದು, ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೀರ್ತಿಯನ್ನು ಪಡೆಯಿತು. ಅಲ್ಲಿ ದುಡಿಯುವವರಲ್ಲಿ ಬಹುಜನರು ಹೆಂಗಸರು.

2021ರ ಡಿಸೆಂಬರದಲ್ಲಿ ಕೇಂದ್ರ ಸರಕಾರವು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಹಾಗೂ ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿಯನ್ನಿತ್ತಿತು. ಧ್ವಜವು ಮನೆಮನೆಗೆ ಮುಟ್ಟುವದು ನಮಗೂ ಸಂತೋಷವೇ. ಆದರೆ ಖಾದಿಗಿದ್ದ ಆಸರೆಯೊಂದು ಹೀಗೆ ಸಡಲಿತು. 2022ರಲ್ಲಿ ಬೆಂಗೇರಿಯವರು ಪ್ರತಿಭಟಿಸಬೇಕಾಯಿತು. 19ನೆಯ ಶತಮಾನದ ಕಥೆಯೇ ಮರಳಿ ಬಂದಿತಲ್ಲವೇ?

ಅಂಕಿಗಳಲ್ಲಿ ಈ ದುಃಖವು ಕಾಣಲಾರದು. 2023–24ರ ಕೇಂದ್ರ ಶ್ರಮಬಲ ಸಮೀಕ್ಷೆಯಂತೆ, 15 ವರ್ಷಕ್ಕೆ ಮೇಲ್ಪಟ್ಟವರಲ್ಲಿ ನಿರುದ್ಯೋಗದ ಪ್ರಮಾಣವು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಶೇಕಡಾ 3.2. ಇದನ್ನು ನೋಡಿ ಸಮಾನತೆ ಬಂದಿತೆಂದು ಹಿಗ್ಗುವವರು ಇನ್ನೊಂದು ಅಂಕಿಯನ್ನೂ ನೋಡಲಿ: ದುಡಿಯುತ್ತಿರುವ, ಕೆಲಸ ಹುಡುಕುತ್ತಿರುವ ಅಥವಾ ಕೆಲಸಕ್ಕೆ ಸಿದ್ಧರಿರುವ ಗಂಡಸರು ಶೇಕಡಾ 78.8, ಹೆಂಗಸರು 41.7 ಮಾತ್ರ. ಕೆಲಸ ಕಳೆದುಕೊಂಡು, ಹುಡುಕುವದನ್ನೂ ಕೆಲಸಕ್ಕೆ ಸಿದ್ಧಳೆನ್ನುವದನ್ನೂ ಬಿಟ್ಟವಳು ಈ ಲೆಕ್ಕದಲ್ಲಿ ನಿರುದ್ಯೋಗಿಯೇ ಅಲ್ಲ! ವಾದಿಯು ಗೈರುಹಾಜರಾದರೆ ದಾವೆಯು ವಜಾ ಆಗುವಂತೆ, ಅವಳ ದಾವೆಯೂ ವಿಚಾರಣೆಯಿಲ್ಲದೆ ವಜಾ ಆಗುತ್ತದೆ.

ಯಂತ್ರವೇ ಬೇಡವೆಂದು ನಾವು ಹೇಳುವದಿಲ್ಲ. ಕೈಗೆಲಸವನ್ನು ಯಂತ್ರವು ಕಸಿದುಕೊಂಡಲ್ಲಿ, ಆ ಯಂತ್ರವನ್ನು ನಡಿಸುವ ಶಿಕ್ಷಣವು ಕೆಲಸ ಕಳೆದುಕೊಂಡವಳಿಗೇ ಮೊದಲು ದೊರೆಯಬೇಕು. ಹುಡುಕುವದನ್ನು ಬಿಟ್ಟವರ ಗಣನೆಯೂ ಪ್ರತಿ ತಾಲೂಕಿನಲ್ಲಿ ಆಗಬೇಕು. ಸರಕಾರದ ಕಚೇರಿಗಳ ಮೇಲೆ ಹಾರುವದು ಖಾದಿಯ ಧ್ವಜವೇ ಆಗಿರಬೇಕು.

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಬರುವ ಆಗಸ್ಟ್ 15ರಂದು ತಮ್ಮ ಶಾಲೆಯ ಧ್ವಜವನ್ನು ಏರಿಸುವ ಮೊದಲು ಅದರ ಬಟ್ಟೆಯನ್ನೊಮ್ಮೆ ಮುಟ್ಟಿ ನೋಡಿರಿ; ಅದು ಯಾರ ಕೈಯ ನೂಲೆಂಬುದನ್ನು ಮಕ್ಕಳಿಗೆ ತಿಳಿಸಿರಿ. ನಾಡು ಒಂದಾದದ್ದು ನಕಾಶೆಗಾಗಿ ಅಲ್ಲ. ನಾಡಿನ ಪ್ರತಿಯೊಂದು ಕೈಗೂ ಕೆಲಸ ದೊರೆಯಲೆಂದು.