ಆರೋಗ್ಯ ಅಂಕಣ: ಜಾರಿದ ಮೊಣಕೈ ಸರಿಯಾಗಿ ಕೂತಿದೆಯೇ?



ಚಳಿಗಾಲ ಬಂತೆಂದರೆ ಕುವೈತಿನಲ್ಲಿ ಶುಕ್ರವಾರ ಬೆಳಿಗ್ಗೆ ಅಪ್ಪಂದಿರ ಕ್ರಿಕೆಟ್ ಶುರು. ಗಟ್ಟಿ ನೆಲದ ಮೇಲೆ ಕ್ಯಾಚ್‌ಗೆ ಹಾರಿ, ಕೈಯೂರಿ ಬಿದ್ದರೆ ಮೊಣಕೈ ಕೀಲು ತಪ್ಪಬಹುದು. ದೊಡ್ಡವರಲ್ಲಿ ಭುಜದ ನಂತರ ಹೆಚ್ಚಾಗಿ ಜಾರುವ ದೊಡ್ಡ ಕೀಲು ಇದೇ.

ಇಲ್ಲಿ ಮೂರು ಮೂಳೆಗಳು ಸೇರುತ್ತವೆ: ತೋಳಿನ ಹ್ಯೂಮರಸ್, ಮುಂದೋಳಿನ ರೇಡಿಯಸ್ ಮತ್ತು ಅಲ್ನಾ. ವೈದ್ಯರು ನೋವಿಗೆ ಔಷಧಿ ಕೊಟ್ಟು, ಎಳೆದು ಕೂರಿಸುತ್ತಾರೆ. 'ಟಕ್' ಎಂದ ಕೂಡಲೇ ನೋವು ಇಳಿಯುತ್ತದೆ. ಆಗ ಮತ್ತೊಂದು ಎಕ್ಸ್-ರೇ! "ಈಗ ತಾನೇ ತೆಗೆದಿರಲ್ಲ, ಮತ್ತೇಕೆ?" ಎಂದು ಹಲವರು ಕೇಳುತ್ತಾರೆ. ಮೊದಲನೆಯದು ಏನಾಗಿದೆ ಎಂದು ಹೇಳುತ್ತದೆ. ಎರಡನೆಯದು ಚಿಕಿತ್ಸೆ ಸರಿಹೋಯಿತೇ ಎಂದು ಹೇಳುತ್ತದೆ.

ಅದರಲ್ಲಿ ವೈದ್ಯರು ಮುಖ್ಯವಾಗಿ ನೋಡುವುದು ಇವು:

1. ರೇಡಿಯಸ್‌ನ ನಡುವೆ ಎಳೆದ ಗೆರೆ ಹ್ಯೂಮರಸ್‌ನ ಕೆಳತುದಿಯ ಗುಂಡು ಭಾಗದ ಮಧ್ಯಕ್ಕೆ ಹೋಗಬೇಕು.

2. ಮೂಳೆಯ ಚೂರು ಎಲ್ಲಿಯೂ ಮುರಿದಿರಬಾರದು, ಕೀಲಿನೊಳಗೆ ಸಿಕ್ಕಿರಬಾರದು.

3. ಪಕ್ಕದಿಂದ ತೆಗೆದ ಚಿತ್ರದಲ್ಲಿ ಹ್ಯೂಮರಸ್ ಮತ್ತು ಅಲ್ನಾ ನಡುವಿನ ಸಂದು ಸಮನಾಗಿರಬೇಕು. ಅದು 4 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ 'ಡ್ರಾಪ್ ಸೈನ್' ಎನ್ನುತ್ತಾರೆ. 2005ರಲ್ಲಿ ಕೂನ್‌ರಾಡ್ ಮತ್ತು ಸಂಗಡಿಗರು ಇದನ್ನು ಎಚ್ಚರಿಕೆಯ ಗುರುತು ಎಂದು ವಿವರಿಸಿದರು. ಮಕ್ಕಳೇ, ನಿಮ್ಮ ಸ್ಕೇಲಿನಲ್ಲಿ ನಾಲ್ಕು ಸಣ್ಣ ಗೆರೆ ಎಣಿಸಿ ನೋಡಿ. ಅಷ್ಟೇ ಅಂತರ!

ಡ್ರಾಪ್ ಸೈನ್ ಕಂಡರೆ ಆಪರೇಷನ್ ಖಚಿತ ಎಂದಲ್ಲ. ನೋವಿನಿಂದ ಸ್ನಾಯುಗಳು ಸಡಿಲವಾಗಿದ್ದಾಗಲೂ ಸಂದು ಹಿಗ್ಗುತ್ತದೆ; ಸ್ನಾಯು ಕೆಲಸ ಶುರುಮಾಡಿದಂತೆ ಅನೇಕರಲ್ಲಿ ಅದು ಮುಚ್ಚುತ್ತದೆ. ಮುಚ್ಚದಿದ್ದರೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದು ಕೀಲು ಅಸ್ಥಿರವಾಗಿರಬಹುದು. ಅದಕ್ಕೇ ಸುಮಾರು ಒಂದು ವಾರದೊಳಗೆ ಮತ್ತೆ ಎಕ್ಸ್-ರೇ. ನೋವಿಲ್ಲವೆಂದು ಅದನ್ನು ತಪ್ಪಿಸಬೇಡಿ. ಊರಿಗೆ ಟಿಕೆಟ್ ಆಗಿದ್ದರೆ ಎಕ್ಸ್-ರೇ ಸಿ.ಡಿ. ಮತ್ತು ವರದಿಯನ್ನು ಜೊತೆಗೆ ಒಯ್ದು ಅಲ್ಲಿಯೇ ತೋರಿಸಿ.

ಇನ್ನೆರಡು ಮಾತು. ಕೀಲು ಗಟ್ಟಿಯಾಗಿದ್ದರೆ ವೈದ್ಯರು ಬೇಗ ಕೈ ಆಡಿಸಲು ಹೇಳುತ್ತಾರೆ. ಮೂರು ವಾರಕ್ಕಿಂತ ಹೆಚ್ಚು ಕಟ್ಟಿಟ್ಟರೆ ಮೊಣಕೈ ಬಿಗಿದುಕೊಳ್ಳುವ ಸಂಭವ ಹೆಚ್ಚು. ಹಾಗೆಂದು ಎಣ್ಣೆ ಹಚ್ಚಿ ಬಲವಾಗಿ ನೀವಿಸಬೇಡಿ. ಹೊಸ ಗಾಯವನ್ನು ಹಾಗೆ ನೀವಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಮಡಚಲಾಗದೆ ಹೋಗಬಹುದು.

ಈ ಅಳತೆಗಳು ದೊಡ್ಡವರಿಗೆ. ಮಕ್ಕಳ ಮೊಣಕೈಯಲ್ಲಿ ಇನ್ನೂ ಎಕ್ಸ್-ರೇಯಲ್ಲಿ ಕಾಣದ ಮೃದ್ವಸ್ಥಿ ಇರುವುದರಿಂದ ಅವರ ಲೆಕ್ಕವೇ ಬೇರೆ.

ಅಪ್ಪ "ನನಗೇನಾಗಿಲ್ಲ" ಎಂದರೆ, ಮಕ್ಕಳೇ, ಸ್ಕೇಲ್ ತೋರಿಸಿ ಆಸ್ಪತ್ರೆಗೆ ಕಳಿಸುವ ಜವಾಬ್ದಾರಿ ನಿಮ್ಮದು!